ವಾಮನಣ್ಣನನ್ನು ಹೊರಗಿನವನಾಗಿಸಿದ ಕಾಮೆಂಟರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ವರ್ಷದ ಹಿಂದಿನ ಜನವರಿಯಲ್ಲಿ, ಕಾರ್ಕಳದ ಒಂದು ಮೈದಾನದಲ್ಲಿ, ಒಳ್ಳೆಯ ಸ್ಟ್ರೈಕರ್ ಒಬ್ಬರನ್ನು ಪಂದ್ಯ ಶುರುವಾಗುವ ಮೊದಲೇ ಹೊರಗೆ ಕೂರಿಸಿದವನು ನಾನು. ರೆಫರಿ ಕಾರ್ಡ್ ತೋರಿಸಲಿಲ್ಲ, ಎದುರಾಳಿ ಕಾಲಿಗೆ ಕಾಲು ಕೊಡಲಿಲ್ಲ. ಮೈಕ್ ಹಿಡಿದಿದ್ದ ನಾನು, ನನ್ನ ಬಾಯಿಂದಲೇ, ಅದೂ ಅವರನ್ನು ಹೊಗಳಿ ಹೊಗಳಿ ಹೊರಗೆ ಕೂರಿಸಿದೆ. ಆ ಪಂದ್ಯದಲ್ಲಿ ಕಾಪುವಿನ ತಂಡ ಒಂದಕ್ಕೆ ಎರಡು ಗೋಲಿನಿಂದ ಸೋತಿತು. ಅದನ್ನೂ ಈಗಲೇ ಹೇಳಿದ್ದೇನೆ, ಏಕೆಂದರೆ ಈ ಬರಹದ ಕೊನೆಯಲ್ಲಿ ನನಗೆ ಮಾತಾಡಲು ಅವಕಾಶ ಸಿಗುವುದಿಲ್ಲ.

ನನ್ನ ಉದ್ಯೋಗದ ವಿವರ ಇಷ್ಟು. ವಾರದ ದಿನಗಳಲ್ಲಿ ಮಣಿಪಾಲದ ಒಂದು ಸೌಂಡ್ಸ್ ಅಂಗಡಿಯಲ್ಲಿ ಕುಳಿತು ಸ್ಪೀಕರ್, ವಯರ್, ಜನರೇಟರುಗಳನ್ನು ಬಾಡಿಗೆಗೆ ಕಳಿಸುತ್ತೇನೆ. ಶನಿವಾರ, ಭಾನುವಾರ ಆ ಸ್ಪೀಕರುಗಳ ಜೊತೆ ನಾನೂ ಬಾಡಿಗೆಗೆ ಹೋಗುತ್ತೇನೆ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಹಗ್ಗಜಗ್ಗಾಟ, ಎಂತ ಉಂಟೋ ಅದಕ್ಕೆ ಕಾಮೆಂಟರಿ. ಆಟದ ಜ್ಞಾನ ಕಡಿಮೆ. ಅದನ್ನು ಮಿಮಿಕ್ರಿಯಲ್ಲಿ ಮುಚ್ಚುತ್ತೇನೆ. ಬಸ್ ಕಂಡಕ್ಟರನ ಸ್ವರದಲ್ಲಿ ಫ್ರೀ ಕಿಕ್ ಹೇಳುತ್ತೇನೆ, ಸಮಿತಿಯ ಅಧ್ಯಕ್ಷರ ಕೆಮ್ಮಿನಿಂದ ಅಧ್ಯಕ್ಷರನ್ನೇ ವೇದಿಕೆಗೆ ಕರೆಯುತ್ತೇನೆ. ಅಲೆವೂರಿನ ನಮ್ಮ ಮನೆಯಲ್ಲಿ ಅಪ್ಪನ ಸ್ವರದಲ್ಲಿ ನಾನು ಕೂಗಿದರೆ ಅಮ್ಮ ಚಹಾ ತರುತ್ತಾರೆ. ನಿಜವಾದ ಅಪ್ಪ ಕೂಗಿದರೆ, "ಸಾಕು ನಿನ್ನ ಮಂಗಾಟ" ಎಂದು ಒಳಗಿನಿಂದಲೇ ಬೈಯುತ್ತಾರೆ. ಹೀಗೆ ಎಲ್ಲರ ಸ್ವರವೂ ನನಗೆ ಬರುತ್ತದೆ. ನಿನ್ನದು ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಆ ಜನವರಿಯ ಹಿಂದಿನ ಡಿಸೆಂಬರಿನಲ್ಲಿ ಗಂಟಲು ಕೈಕೊಟ್ಟಿತು. ಮಣಿಪಾಲದಲ್ಲಿ ಸ್ವರದ ಚಿಕಿತ್ಸೆ ಕೊಡುವ ಮೇಡಂ ನನ್ನ ಗಂಟಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿ, ಎರಡು ವಾರ ವಾಯ್ಸ್ ರೆಸ್ಟ್ ಎಂದರು. ಅಂದರೆ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು. ಮನೆಯವರು ಆ ಡಾಕ್ಟರಿಗೆ ಹೂವಿನ ಹಾರ ಹಾಕುವುದೊಂದು ಬಾಕಿ. ದಿನ ಬಿಟ್ಟು ದಿನ ಚಿಕಿತ್ಸೆಗೆ ಹೋಗಿ ಕಾರಿಡಾರಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕಾಯಬೇಕಿತ್ತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ, ಎದುರಿನ ಫಿಸಿಯೋಥೆರಪಿ ಕೋಣೆಗೆ ಕಾಯುತ್ತ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಉದ್ದದ ಮನುಷ್ಯರೊಬ್ಬರು ಇರುತ್ತಿದ್ದರು. ಹೆಸರು ವಾಮನ, ಎತ್ತರ ಆರಡಿಯ ಮೇಲೆ. ಆ ಹೆಸರಿಗೂ ಆ ಎತ್ತರಕ್ಕೂ ಹೇಳಬಹುದಾದ ಹನ್ನೆರಡು ಜೋಕು ನನ್ನ ಬಾಯಿಯ ತುದಿಗೆ ಬಂದು, ಡಾಕ್ಟರ ಅಪ್ಪಣೆಯಿಂದ ಅಲ್ಲಿಯೇ ಸತ್ತವು.

ನಾನು ಮಾತಾಡುವ ಹಾಗಿಲ್ಲ ಎಂದು ಸನ್ನೆಯಲ್ಲಿ ತಿಳಿಸಿದ ಮೇಲೆ ಅವರು ಮಾತಾಡತೊಡಗಿದರು. ಹೆಚ್ಚು ಮಾತಿನವರಲ್ಲ. ಆದರೆ ನಡುವೆ ಬಾಯಿ ಹಾಕದ, ತಿರುಗಿ ಪ್ರಶ್ನೆ ಕೇಳದ, ಅಯ್ಯೋ ಪಾಪ ಎನ್ನದ ಒಬ್ಬ ಮನುಷ್ಯ ಅವರಿಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ.

ಅವರು ಕಾಪುವಿನ ಕಡಲ ಬದಿಯವರು. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಮತ್ತು ಅಕ್ಕ ಮೀನು ಮಾರಿ ಮನೆ ನಡೆಸಿದರು. ಹದಿನಾಲ್ಕನೆಯ ವಯಸ್ಸಿಗೆ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಊರು ಬಿಟ್ಟವರು ಇಪ್ಪತ್ತೆರಡು ವರ್ಷ ಚೆಂಡಿನ ಹಿಂದೆಯೇ ಹೋದರು. ಗೋವಾ, ಕೊಲ್ಕತ್ತಾ, ಐಜಾಲ್, ಮಲಪ್ಪುರಂ, ಆಮೇಲೆ ಮಸ್ಕತ್, ಕೊನೆಗೆ ಮಾಲ್ಡೀವ್ಸಿನ ಮಾಲೆ. ಒಂದೊಂದು ಸಲಕ್ಕೆ ಎಂಟು ತಿಂಗಳ ಕರಾರು. ಅದು ಮುಂದುವರಿಯದಿದ್ದರೆ ಹೊಸ ಊರು, ಹೊಸ ಜೆರ್ಸಿ, ಹೊಸ ಕೋಣೆ.

"ಕೊಲ್ಕತ್ತಾದಲ್ಲಿ ನನ್ನನ್ನು ಗೋವಾ ಅಂತ ಕರೆಯುತ್ತಿದ್ದರು," ಎಂದರು ಒಂದು ದಿನ. "ಐಜಾಲಿನಲ್ಲಿ ಬೆಂಗಾಲಿ ಅಂದರು. ಮಲಪ್ಪುರಂನಲ್ಲಿ ಬಾಂಬೆ. ಮಸ್ಕತ್ತಿನಲ್ಲಿ ಕೇರಳ. ಕಾಪು ಅಂತ ಒಬ್ಬನೂ ಕರೆಯಲಿಲ್ಲ ಮಾರಾಯ."

ಸ್ಟ್ರೈಕರ್ ಎಂದರೆ ಗೋಲು ಹೊಡೆಯುವವನು ಎಂದಷ್ಟೇ ನಾನು ತಿಳಿದಿದ್ದೆ. ಅವರ ಪ್ರಕಾರ ಅದು ಕಾಯುವ ಕೆಲಸ. ತೊಂಬತ್ತು ನಿಮಿಷದಲ್ಲಿ ಚೆಂಡು ಕಾಲಿಗೆ ಸಿಗುವುದು ಒಂದೆರಡು ನಿಮಿಷ. ಉಳಿದ ಹೊತ್ತು ತನ್ನ ತಂಡದವರಿಂದ ದೂರ, ಎದುರಾಳಿಗಳ ನಡುವೆ, ಈಗ ಬರುತ್ತದೆ ಈಗ ಬರುತ್ತದೆ ಎಂದು ನಿಂತಿರಬೇಕು. ಪಂದ್ಯ ಮುಗಿದ ಮೇಲೆ ಕೋಣೆಯಲ್ಲಿಯೂ ಹಾಗೆಯೇ. ಅವರಿಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗುವುದಿಲ್ಲ. ತಾಯಿ ಪಾರ್ಸೆಲಿನಲ್ಲಿ ಅಕ್ಕಿ ಕಳಿಸುತ್ತಿದ್ದರು. ಅದನ್ನು ಬೇಯಿಸಲು, ಹೋದ ಊರಿನಲ್ಲೆಲ್ಲ ಒಂದು ಕುಕ್ಕರ್ ಕೊಳ್ಳುತ್ತಿದ್ದರು, ಬಿಡುವಾಗ ಪಕ್ಕದ ಕೋಣೆಯವನಿಗೆ ಕೊಟ್ಟು ಬರುತ್ತಿದ್ದರು. "ಆರು ಊರಿನಲ್ಲಿ ನನ್ನ ಕುಕ್ಕರ್ ಉಂಟು" ಎಂದು ನಕ್ಕರು. ಗೆದ್ದ ಕಪ್ಪುಗಳ ಲೆಕ್ಕ ಮಾತ್ರ ಅವರು ಒಂದು ದಿನವೂ ಹೇಳಲಿಲ್ಲ.

ಅಕ್ಕ ಸುಮತಿ ಫೋನ್ ಮಾಡುತ್ತಿರಲಿಲ್ಲ. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬಿಡುತ್ತಿದ್ದರು. ವಾಮನಣ್ಣ ಒಂದನ್ನು ನನಗೆ ಕೇಳಿಸಿದರು. ತುಳುವಿನಲ್ಲಿ, ಉಸಿರು ತೆಗೆಯದೆ, ಬಸ್ಸಿನ ಹಾರ್ನಿನ ನಡುವೆ: ಅಮ್ಮನಿಗೆ ಫೋನ್ ಮಾಡಲಿಲ್ಲ ಯಾಕೆ, ಫೋಟೋದಲ್ಲಿ ಸೊರಗಿದ್ದೀ ಯಾಕೆ, ಆ ಕೂದಲು ಎಂತದ್ದು ಕೋಳಿಯ ಜುಟ್ಟಿನ ಹಾಗೆ, ನಿನಗೆ ಬುದ್ಧಿ ಬರುವುದು ಯಾವಾಗ. ಒಂದೂವರೆ ನಿಮಿಷದಲ್ಲಿ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ತೊಳೆದು ಒಣಗಲು ಹಾಕಿದ ಹಾಗಿತ್ತು. ನನಗೆ ಆ ಸ್ವರದ ಏರಿಳಿತ ಅಲ್ಲಿಯೇ ಬಾಯಿಪಾಠವಾಯಿತು.

"ಎರಡು ವರ್ಷದಿಂದ ಇದೂ ಇಲ್ಲ" ಎಂದು ಅವರು ಫೋನನ್ನು ಕಿಸೆಗೆ ಹಾಕಿಕೊಂಡರು.

ಎರಡು ವರ್ಷದ ಹಿಂದೆ, ಅವರು ಮಾಲೆಯಲ್ಲಿರುವಾಗ ತಾಯಿ ತೀರಿಕೊಂಡರು. ಸುದ್ದಿ ಬಂದದ್ದು ಬೆಳಿಗ್ಗೆ. ವಿಮಾನ ಸಿಕ್ಕಿದ್ದು ಮರುದಿನದ್ದು. ಸಂಜೆ ಪಂದ್ಯವಿತ್ತು. ಆಡಬೇಕಾಗಿಲ್ಲ ಎಂದು ಕೋಚ್ ಹೇಳಿದರಂತೆ. ಆದರೆ ಆ ಕೋಣೆಯಲ್ಲಿ, ಅದೇ ಕುಕ್ಕರಿನ ಎದುರು, ರಾತ್ರಿಯವರೆಗೆ ಒಬ್ಬನೇ ಕೂರುವುದು ಹೇಗೆ ಎಂದು ಅವರು ಮೈದಾನಕ್ಕೆ ಹೋದರು. ಗೋಲು ಹೊಡೆದರು. ತಂಡದವರೆಲ್ಲ ಮೇಲೆ ಬಿದ್ದು ಅಪ್ಪಿಕೊಂಡರು. ಆ ವಿಡಿಯೊ ಮಾಲೆಯಿಂದ ಕಾಪುವಿಗೆ ವಿಮಾನಕ್ಕಿಂತ ಬೇಗ ಮುಟ್ಟಿತು. ಚಿತೆ ಆರುವ ಮೊದಲು ಅಕ್ಕ ಅದನ್ನು ಯಾರದೋ ಮೊಬೈಲಿನಲ್ಲಿ ನೋಡಿದರು.

"ಊರಿಗೆ ಬಂದೆ. ಅಕ್ಕ ಬೈಯಲಿಲ್ಲ," ಎಂದರು ವಾಮನಣ್ಣ. "ಬನ್ನಿ, ಕೂತುಕೊಳ್ಳಿ ಅಂದಳು. ಸಾಸರಿನಲ್ಲಿಟ್ಟು ಚಹಾ ಕೊಟ್ಟಳು. ನಮ್ಮ ಮನೆಯಲ್ಲಿ ಸಾಸರ್ ಉಂಟು ಅಂತಲೇ ನನಗೆ ಗೊತ್ತಿರಲಿಲ್ಲ."

ಈಗ ಮೊಣಕಾಲು ಮುಗಿದಿತ್ತು. ಇನ್ನು ಲೀಗ್ ಆಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಾಪುವಿನಲ್ಲಿ ಮನೆ ಇದ್ದ ಮನುಷ್ಯ ಉಡುಪಿಯ ಬನ್ನಂಜೆಯಲ್ಲಿ ಲಾಡ್ಜಿನ ಕೋಣೆ ಹಿಡಿದು ಚಿಕಿತ್ಸೆಗೆ ಬರುತ್ತಿದ್ದರು. ಅವರಿಗೆ ಉಳಿದದ್ದು ಒಂದೇ ಆಸೆ. ಇಷ್ಟು ಜೆರ್ಸಿ ಹಾಕಿದ್ದೇನೆ, ಕಾಪು ಎಂದು ಬರೆದ ಜೆರ್ಸಿ ಒಂದು ಸಲ ಹಾಕಬೇಕು, ಹತ್ತು ನಿಮಿಷಕ್ಕಾದರೂ ಸರಿ. ಕಾರ್ಕಳದಲ್ಲಿ ಜನವರಿಗೆ ಊರಿನ ತಂಡಗಳ ಸೆವೆನ್ಸ್ ಪಂದ್ಯಾಟ ಎಂದು ತಿಳಿದು ಕಾಪು ತಂಡದ ಕ್ಯಾಪ್ಟನ್ ನಿತಿನನಿಗೆ ಅವರೇ ಫೋನ್ ಮಾಡಿದ್ದರು. ಸೆವೆನ್ಸ್ ಎಂದರೆ ಒಂದೊಂದು ತಂಡಕ್ಕೆ ಏಳೇಳು ಜನ, ಸಣ್ಣ ಮೈದಾನ, ಸಣ್ಣ ಹೊತ್ತು. ನಿತಿನ್ ಕಾಲೇಜಿಗೆ ಹೋಗುವ ಹುಡುಗ. ವಾಮನಣ್ಣ ಊರು ಬಿಟ್ಟಾಗ ಅವನು ಹುಟ್ಟಿರಲಿಲ್ಲ. ಯೂಟ್ಯೂಬಿನಲ್ಲಿ ಗೋಲುಗಳನ್ನು ನೋಡಿ ಹೂಂ ಎಂದಿದ್ದ.

ನನ್ನ ವಾಯ್ಸ್ ರೆಸ್ಟ್ ಮುಗಿದ ದಿನ ನಾನು ಆಡಿದ ಮೊದಲ ಮಾತು ಸುಮತಿಯಕ್ಕನದು. ಬೆಂಚಿನಲ್ಲಿ ಕುಳಿತಿದ್ದವರ ಹಿಂದಿನಿಂದ ಹೋಗಿ, "ಆ ಕೂದಲು ಎಂತದ್ದು ಕೋಳಿಯ ಜುಟ್ಟಿನ ಹಾಗೆ" ಎಂದೆ, ಅದೇ ಸ್ವರದಲ್ಲಿ. ವಾಮನಣ್ಣ ಎದ್ದು ನಿಂತುಬಿಟ್ಟರು. ತಿರುಗಿ ನನ್ನನ್ನು ನೋಡಿ ನಕ್ಕರು. ನಂತರ ಸ್ವಲ್ಪ ಹೊತ್ತು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು. ಅಂದು ಮಿಮಿಕ್ರಿಗೆ ನಾನು ನನ್ನನ್ನೇ ಬೈದುಕೊಂಡೆ, ಯಾರ ಸ್ವರದಲ್ಲಿ ಎಂದು ನೆನಪಿಲ್ಲ.

ಪಂದ್ಯದ ದಿನ ಮೈಕ್ ನನ್ನದೇ. ಗಂಟಲು ಹೊಸದಾಗಿತ್ತು, ಎರಡು ವಾರದ ಮಾತು ಬಾಕಿಯಿತ್ತು. ಆಟಗಾರರು ಸಾಲಾಗಿ ನಿಲ್ಲುವ ಮೊದಲು ವಾಮನಣ್ಣ ನನ್ನ ಮೇಜಿನ ಹತ್ತಿರ ಬಂದರು. ನೀಲಿ ಜೆರ್ಸಿ, ಎದೆಯ ಮೇಲೆ ಕಾಪು ಎಂದು ಬಿಳಿಯ ಅಕ್ಷರ. "ಹೆಸರು ಹೇಳು, ಊರು ಹೇಳು, ಅಷ್ಟು ಸಾಕು" ಎಂದರು. ಆಯಿತು ಎಂದೆ. ಆಮೇಲೆ ಮೈಕ್ ಕೈಗೆ ಬಂತು. ವಿಮಾನ ನಿಲ್ದಾಣದ ಘೋಷಣೆಯ ಸ್ವರದಲ್ಲಿ, ಗೋವಾದಿಂದ ಕೊಲ್ಕತ್ತಾ, ಕೊಲ್ಕತ್ತಾದಿಂದ ಐಜಾಲ್, ಐಜಾಲಿನಿಂದ ಮಲಪ್ಪುರಂ, ಮಸ್ಕತ್, ಮಾಲೆ ಎಂದು ಒಂದೊಂದೇ ಊರು ಇಳಿಸಿದೆ. ಜನ ಸೀಟಿ ಹೊಡೆದರು, ನಾನು ಉಬ್ಬಿದೆ. ಇಷ್ಟು ದೇಶ ಸುತ್ತಿದ ಅಂತಾರಾಷ್ಟ್ರೀಯ ತಾರೆ ಇಂದು ನಮ್ಮ ಅತಿಥಿಯಾಗಿ ಬಂದಿದ್ದಾರೆ ಎಂದು ಮುಗಿಸಿದೆ.

ಅತಿಥಿ ಎಂಬ ಮಾತು ನನ್ನ ಬಾಯಿಂದ ಬಂತಲ್ಲ, ಅಲ್ಲಿಗೆ ಕೆಲಸ ಕೆಟ್ಟಿತು. ನಮ್ಮ ಕಡೆಯ ಪಂದ್ಯಾಟಗಳಲ್ಲಿ ಗೆಸ್ಟ್ ಪ್ಲೇಯರ್ ಎಂದರೆ ಗೆಲ್ಲುವ ಆಸೆಗೆ ತಂಡಗಳು ಹೊರಗಿನಿಂದ ತರಿಸುವ ಆಟಗಾರ. ಆ ಕಾಟಕ್ಕೇ ಸಮಿತಿಯವರು ಊರಿನವರು ಮಾತ್ರ ಆಡಬೇಕು ಎಂಬ ನಿಯಮ ತಂದಿದ್ದರು. ಎದುರಾಳಿ ತಂಡದ ಮ್ಯಾನೇಜರ್ ಚಪ್ಪಾಳೆ ನಿಲ್ಲುವವರೆಗೂ ಕಾಯಲಿಲ್ಲ, ಸಮಿತಿಯ ಅಧ್ಯಕ್ಷ ಶೆಟ್ರ ಎದುರು ಹೋಗಿ ನಿಂತರು.

"ಶೆಟ್ರೇ, ಕಾಮೆಂಟರಿಯವನೇ ಹೇಳಿದ್ದಾನೆ ಅತಿಥಿ ಅಂತ. ಇನ್ನು ನಾನು ಎಂತ ಹೇಳಲಿಕ್ಕೆ ಉಂಟು?"

ವಾಮನಣ್ಣನ ಆಧಾರ್ ಕಾರ್ಡಿನಲ್ಲಿ ಗೋವಾದ ವಿಳಾಸವಿತ್ತು. ನಿತಿನ್ ಮತ್ತು ಹುಡುಗರು ಇವರು ನಮ್ಮ ಊರಿನವರೇ ಎಂದು ಕೂಗಿದರು. ನಿಮ್ಮ ಅಜ್ಜಿಯ ಮನೆ ಎಲ್ಲಿ ಎಂದು ಮ್ಯಾನೇಜರ್ ವಾಮನಣ್ಣನನ್ನು ಕೇಳಿದರೆ, ಅವರಿಗಿಂತ ಮೊದಲು ಹುಡುಗರು ಮೂರು ಬೇರೆ ಬೇರೆ ಕಡೆ ತೋರಿಸಿದರು. ಶೆಟ್ರು ಕೆಮ್ಮಿದರು. ಅದು ತೀರ್ಪಿನ ಕೆಮ್ಮು. ಇಂಥ ತಕರಾರು ಬಂದಾಗ ನಮ್ಮಲ್ಲಿ ಒಂದು ಕ್ರಮ ಉಂಟು. ತಂಡದವರ ಮಾತು ಲೆಕ್ಕಕ್ಕಿಲ್ಲ. ಆಟಗಾರನ ಮನೆಯವರು ಬಂದು, ಮೈಕಿನಲ್ಲಿ, ಎಲ್ಲರೂ ಕೇಳುವ ಹಾಗೆ, ಇವ ನಮ್ಮವ ಎಂದು ಹೇಳಬೇಕು. ಹೇಳಿದರೆ ಮತ್ತೆ ಯಾರೂ ಚಕಾರ ಎತ್ತುವುದಿಲ್ಲ.

"ಮನೆಯವರು ಹೇಳಿದರೆ ಇಳಿಯಲಿ," ಎಂದರು ಶೆಟ್ರು. "ಅಲ್ಲಿಯವರೆಗೆ ಹೊರಗೆ."

ವಾಮನಣ್ಣ ಗೆರೆಯ ಆಚೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಉಳಿದ ಆರು ಜನ ಮತ್ತು ಒಬ್ಬ ಬದಲಿ ಹುಡುಗ ಒಳಗೆ ಹೋದರು. ಸುಮತಿಯಕ್ಕನಿಗೆ ಫೋನ್ ಮಾಡಿದೆವು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆವು. ಮೂರನೆಯ ಸಲಕ್ಕೆ ವಾಮನಣ್ಣ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

ಆಗ ನನಗೆ ಇನ್ನೊಂದು ಬುದ್ಧಿ ಹೊಳೆಯಿತು. ಮೊದಲನೆಯದಕ್ಕಿಂತ ದೊಡ್ಡ ದಡ್ಡತನದ್ದು. ಅವರ ಕಿವಿಯ ಹತ್ತಿರ ಬಗ್ಗಿ, "ವಾಮನಣ್ಣ, ನಾನು ಶಾಮಿಯಾನದ ಹಿಂದಿನಿಂದ ಫೋನಿನಲ್ಲಿ ಅಕ್ಕನ ಸ್ವರ ತೆಗೆಯುತ್ತೇನೆ. ಸ್ಪೀಕರಿಗೆ ಹಾಕುವ. ಶೆಟ್ರಿಗೆ ಗೊತ್ತೇ ಆಗುವುದಿಲ್ಲ" ಎಂದೆ.

ಅವರು ಬೂಟಿನ ಲೇಸನ್ನು ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ.

"ಬೇಡ. ಅವಳು ಹೇಳುವುದಾದರೆ ಹೇಳಲಿ. ಹೇಳದಿದ್ದರೆ ನಾನು ಊರಿನವ ಅಲ್ಲ ಅಂತಲೇ ಆಗಲಿ."

ನನ್ನ ಉದ್ಯೋಗದಲ್ಲಿ ಮೊದಲ ಸಲ ನಾನು ನಡೆಯುತ್ತಿರುವ ಪಂದ್ಯದ ನಡುವೆ ಮೈಕ್ ಬಿಟ್ಟು ಎದ್ದೆ. ಮೈಕನ್ನು ಸೌಂಡ್ ಆಪರೇಟರನ ಕೈಗೆ ತುರುಕಿದೆ. ಅವನು ಜೀವಮಾನದಲ್ಲಿ ಹಲೋ ಮೈಕ್ ಚೆಕ್ ಬಿಟ್ಟು ಬೇರೆ ಮಾತನ್ನು ಮೈಕಿನಲ್ಲಿ ಆಡಿದವನಲ್ಲ. ನಾನು ಸ್ಕೂಟರ್ ತಿರುಗಿಸುವಾಗ ಹಿಂದಿನಿಂದ ಕೇಳುತ್ತಿತ್ತು: "ಬಾಲ್ ಈಗ ಆ ಕಡೆ ಹೋಯಿತು. ಈಗ ಈ ಕಡೆ ಬಂತು. ಹಲೋ."

ಸುಮತಿಯಕ್ಕ ದಿನವೂ ಬೆಳಿಗ್ಗೆ ಮಲ್ಪೆಯಲ್ಲಿ ಮೀನು ಕೊಂಡು ಕಾರ್ಕಳದ ಮಾರ್ಕೆಟಿಗೆ ಬರುತ್ತಾರೆ ಎಂದು ವಾಮನಣ್ಣ ಬೆಂಚಿನಲ್ಲಿ ಹೇಳಿದ್ದರು. ಮೈದಾನದಿಂದ ಮಾರ್ಕೆಟ್ ಹತ್ತಿರ. ತಮ್ಮ ಇಲ್ಲಿ ಕುರ್ಚಿಯಲ್ಲಿ, ಅಕ್ಕ ಅಲ್ಲಿ ಮೀನಿನ ಕಟ್ಟೆಯಲ್ಲಿ. ಜೋರಾಗಿ ಕೂಗಿದರೆ ಕೇಳುವ ದೂರ ಎನ್ನಲಾರೆ, ನನ್ನ ಸ್ಪೀಕರಿನ ಸದ್ದಂತೂ ಅಲ್ಲಿಗೆ ಕೇಳುತ್ತಿತ್ತು.

ಮಾರ್ಕೆಟಿನಲ್ಲಿ ಅವರನ್ನು ಸ್ವರದಿಂದಲೇ ಗುರುತಿಸಿದೆ. ಬಂಗುಡೆ ಹೆಚ್ಚಾಯಿತು ಎಂದ ಗಿರಾಕಿಯೊಬ್ಬರಿಗೆ ಸಮುದ್ರಕ್ಕೆ ಹೋಗಿ ನೀವೇ ಹಿಡಿಯಿರಿ ಎನ್ನುತ್ತಿದ್ದರು. ನಾನು ಎದುರು ಹೋಗಿ ನಿಂತೆ.

"ಮೀನು ಬೇಕಾದರೆ ಹೇಳು ಮಗ. ಬೇಡದಿದ್ದರೆ ಬೆಳಕು ಬಿಡು."

"ಅಕ್ಕ, ವಾಮನಣ್ಣ ಗ್ರೌಂಡಿನಲ್ಲಿ ಇದ್ದಾರೆ."

ಮೀನು ಕತ್ತರಿಸುತ್ತಿದ್ದ ಕತ್ತಿ ನಿಲ್ಲಲಿಲ್ಲ. "ಯಾವ ಗ್ರೌಂಡು? ಅವನಿಗೆ ಊರೂರಿಗೆ ಒಂದು ಗ್ರೌಂಡು ಉಂಟು."

"ಇಲ್ಲಿಯೇ. ಕಾರ್ಕಳದಲ್ಲಿ. ಕಾಪುವಿನ ಟೀಮಿಗೆ."

"ಕೇಳಿತು ಮೈಕಿನಲ್ಲಿ. ಯಾವನೋ ಒಬ್ಬ ಬಾಯಿಬಡುಕ ಹೇಳುತ್ತಾ ಇದ್ದ. ಅತಿಥಿಯಂತೆ."

ಬಾಯಿಬಡುಕ ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಮೀನು ಮಾರುತ್ತಿದ್ದ ಲೀಲಕ್ಕ ಕತ್ತು ಚಾಚಿದರು. "ಇವಳ ತಮ್ಮನಾ? ನಾವು ಅವನ ಮುಖ ನೋಡಲಿಲ್ಲ ಮಾರಾಯ. ಆದರೆ ದಿನಾ ಅವನಿಗೆ ಬೀಳುವ ಬೈಗುಳ ಕೇಳುತ್ತೇವೆ. ಬೆಳಿಗ್ಗೆ ಮೊದಲ ಬೋಣಿ ಅವನಿಗೇ, ಈಗ ಮೊಬೈಲ್ ಹಿಡಿಯದೆಯೇ."

"ಲೀಲಾ, ನಿನ್ನ ಬುಟ್ಟಿಯ ಬೊಂಡಾಸಿಗೆ ನೊಣ ಕೂರುತ್ತಾ ಉಂಟು, ನೋಡು" ಎಂದರು ಸುಮತಿಯಕ್ಕ.

ನಾನು ಬೇಗ ಬೇಗ ಹೇಳಿದೆ. ನನ್ನ ಬಾಯಿಂದಾದ ಅನಾಹುತ, ಶೆಟ್ರ ತೀರ್ಪು, ಪ್ಲಾಸ್ಟಿಕ್ ಕುರ್ಚಿ. ನಂತರ, ಯಾರೂ ಹೇಳು ಎನ್ನದಿದ್ದರೂ, ಮಾಲೆಯ ಆ ದಿನದ ಕೋಣೆಯ ವಿಷಯವನ್ನೂ ಹೇಳಿದೆ. ಆಡಲಿಕ್ಕೆ ಹೋದದ್ದಲ್ಲವಂತೆ ಅಕ್ಕ, ಒಬ್ಬರೇ ಕೂರಲಿಕ್ಕೆ ಆಗಲಿಲ್ಲವಂತೆ ಎಂದೆ. ಅಷ್ಟೂ ಮಾತನ್ನು ಯಾರ ಸ್ವರವನ್ನೂ ತೆಗೆಯದೆ ಹೇಳಿದ್ದೇನೆ ಎಂದು ಆಮೇಲೆ ನನಗೇ ಗೊತ್ತಾಯಿತು.

ಕತ್ತಿ ಈಗ ನಿಂತಿತು.

"ಇದನ್ನು ಹೇಳಲಿಕ್ಕೆ ಅವನಿಗೆ ಬಾಯಿ ಇಲ್ಲವಾ? ಎರಡು ವರ್ಷ ಬೇಕಾಯಿತಾ? ನಿನ್ನನ್ನು ಕಳಿಸಿದ್ದಾ?"

"ಕಳಿಸಲಿಲ್ಲ. ಬೇಡ ಅಂದರು. ನೀವು ಹೇಳದಿದ್ದರೆ ತಾನು ಊರಿನವ ಅಲ್ಲ ಅಂತಲೇ ಆಗಲಿ ಅಂದರು."

"ಹಾಗೆ ಹೇಳಿದನಾ?"

"ಹೌದು."

ಅವರು ಮಗ್ಗಿನಲ್ಲಿ ನೀರು ತೆಗೆದು ಎರಡು ಕೈಯನ್ನೂ ಮೊಣಕೈಯವರೆಗೆ ತೊಳೆದರು. ಸೆರಗು ಸಿಕ್ಕಿಸಿಕೊಂಡರು. "ಲೀಲಾ, ಬುಟ್ಟಿ ನೋಡು. ಆ ಬಂಗುಡೆಯ ಹೆಂಗಸು ಮತ್ತೆ ಬಂದರೆ ಒಂದು ರೂಪಾಯಿ ಬಿಡಬೇಡ" ಎಂದು ನನ್ನ ಸ್ಕೂಟರಿನ ಹಿಂದೆ ಒಂದು ಬದಿಗೆ ಕುಳಿತರು. ದಾರಿಯುದ್ದಕ್ಕೂ ಬೈದರು. ಮೊದಲು ನನ್ನ ಸ್ಕೂಟರ್ ಓಡಿಸುವ ಚಂದಕ್ಕೆ, ನಂತರ ತಮ್ಮನಿಗೆ, ಸಿಗ್ನಲ್ ಕೊಡದೆ ಅಡ್ಡ ಬಂದ ರಿಕ್ಷಾದವನಿಗೆ, ಮತ್ತೆ ತಮ್ಮನಿಗೆ.

ಮೈದಾನಕ್ಕೆ ಮುಟ್ಟುವಾಗ ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ಕಾಪು ಎರಡು ಗೋಲು ಬಿಟ್ಟುಕೊಟ್ಟಿತ್ತು, ಒಂದೂ ಹೊಡೆದಿರಲಿಲ್ಲ. ಸುಮತಿಯಕ್ಕ ಜನರ ನಡುವೆ ಹೋಗುವಾಗ ಮೀನಿನ ವಾಸನೆಗೋ ಆ ನಡಿಗೆಗೋ ದಾರಿ ತಾನಾಗಿ ಬಿಟ್ಟಿತು. ವಾಮನಣ್ಣ ಅದೇ ಕುರ್ಚಿಯಲ್ಲಿದ್ದರು. ಚೆಂಡು ಎಲ್ಲಿಗೆ ಹೋದರೂ ಅವರ ತಲೆ ಮಾತ್ರ ತಿರುಗುತ್ತಿತ್ತು. ಅಕ್ಕನನ್ನು ಕಂಡು ಎದ್ದು ನಿಂತರು, ಕಾರಿಡಾರಿನಲ್ಲಿ ಎದ್ದು ನಿಂತ ಹಾಗೆಯೇ. ಅಕ್ಕ ಅವರ ಮುಖ ನೋಡಲಿಲ್ಲ. ಮೊಣಕಾಲಿನ ಪಟ್ಟಿಯನ್ನು ಒಮ್ಮೆ ನೋಡಿ ನೇರ ಮೇಜಿನ ಹತ್ತಿರ ಬಂದರು. ರೆಫರಿ ಆಟ ನಿಲ್ಲಿಸಿದರು. ಸೌಂಡ್ ಆಪರೇಟರ್ ಬದುಕಿದೆ ಎಂಬಂತೆ ಮೈಕನ್ನು ನನಗೆ ಕೊಟ್ಟ. ನಾನು ಅದನ್ನು ಸುಮತಿಯಕ್ಕನ ಕೈಗೆ ಕೊಟ್ಟೆ.

ಈ ಕೆಲಸ ನನಗೆ ಕಲಿಸಿದ್ದು ಇದ್ದರೆ ಅದನ್ನು ಇಲ್ಲಿಯೇ ಹೇಳಬೇಕು, ಮುಂದೆ ಮೈಕ್ ನನ್ನ ಕೈಯಲ್ಲಿಲ್ಲ. ಅಂದಿನಿಂದ ಯಾವ ಆಟಗಾರನ ಪರಿಚಯ ಹೇಳುವ ಮೊದಲೂ ಅವನ ಹತ್ತಿರ ಹೋಗಿ, ನಿನ್ನ ಬಗ್ಗೆ ಎಂತ ಹೇಳಲಿ ಎಂದು ಕೇಳುತ್ತೇನೆ. ಅವನು ಹೇಳಿದಷ್ಟನ್ನೇ ಹೇಳುತ್ತೇನೆ. ಹೆಚ್ಚಿನವರು ಹೆಸರು, ಊರು ಎನ್ನುತ್ತಾರೆ. ಜನ ಮೊದಲಿನಷ್ಟು ನಗುವುದಿಲ್ಲ. ಸುಮತಿಯಕ್ಕನ ಸ್ವರವನ್ನು ಮತ್ತೆ ಎಲ್ಲಿಯೂ ತೆಗೆದಿಲ್ಲ, ಕೇಳಿದವರು ಇದ್ದಾರೆ.

ಶೆಟ್ರು ಎದ್ದು ನಿಂತು, ಬಹಳ ಮರ್ಯಾದೆಯಿಂದ, ಇವರು ನಿಮ್ಮವರಾ ಅಮ್ಮ ಎಂದು ಕೇಳಿದರು. ಅವರು ಉತ್ತರಿಸುವ ಮೊದಲೇ ಮ್ಯಾನೇಜರ್ ನಡುವೆ ಬಾಯಿ ಹಾಕಿದರು.

"ತಮ್ಮ ಆಗಿರಬಹುದು ಶೆಟ್ರೇ. ಆದರೆ ಇಪ್ಪತ್ತೆರಡು ವರ್ಷ ಊರಿನಲ್ಲೇ ಇಲ್ಲದವ ಹೊರಗಿನವ ಅಲ್ವಾ?"

ಸುಮತಿಯಕ್ಕ ಮೈಕನ್ನು ಬಾಯಿಯ ಹತ್ತಿರ ತಂದರು. ಮನೆಯಲ್ಲಿ, ಮಾರ್ಕೆಟಿನಲ್ಲಿ, ಸ್ಕೂಟರಿನಲ್ಲಿ ತುಳುವಿನಲ್ಲಿ ಬೈಯುವವರು ಮೈಕಿಗೆಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನನ್ನ ಅಂಗಡಿಯ ನಾಲ್ಕು ಸ್ಪೀಕರಿನಲ್ಲಿಯೂ ಅದು ಕೇಳಿತು. ಗೆರೆಯ ಬದಿಯಲ್ಲಿ ನಿಂತಿದ್ದ ವಾಮನಣ್ಣನಿಗೂ ಕೇಳಿತು.

"ಹೊರಗಿನವ ಆದರೆ, ಇಪ್ಪತ್ತೆರಡು ವರ್ಷದಿಂದ ನಾನು ದಿನಾ ಬೈಯುತ್ತಾ ಇರುವುದು ಯಾರನ್ನು, ನಿಮ್ಮನ್ನಾ?"